ಒಂದೇ ಸಿನಿಮಾ, ಮೂರು ಸಲ: ಕತ್ತರಿ ಬಿದ್ದ ಡಿವಿಡಿ, ಫೋನು, ದೊಡ್ಡ ಪರದೆ

ಗಿಲೆರ್ಮೊ ಡೆಲ್ ಟೊರೊ ಅವರ ‘ಪ್ಯಾನ್ಸ್ ಲ್ಯಾಬಿರಿಂತ್’ (2006) ನೋಡುವುದಾದರೆ ಕತ್ತಲೆ ಕೋಣೆಯಲ್ಲಿ, ದೊಡ್ಡ ಪರದೆ ಮೇಲೆ, ಪೂರ್ತಿ ನೋಡಿ. ಎರಡು ಸಲ ಕೆಟ್ಟದಾಗಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಮೊದಲು ಕೊಂಡದ್ದು ಹಿಂಸೆಗೆ ಕತ್ತರಿ ಹಾಕಿದ ಡಿವಿಡಿ. ರಕ್ತ ಕಂಡರೆ ನನಗಾಗದು, ಇದೇ ವಾಸಿ ಅಂದುಕೊಂಡೆ. ಕತೆ 1944ರ ಸ್ಪೇನಿನದು. ಅಂತರ್ಯುದ್ಧ ಮುಗಿದರೂ ಬಂಡುಕೋರರು ಕಾಡಿನಲ್ಲಿದ್ದಾರೆ. ಅವರ ಬೆನ್ನು ಹತ್ತಿದ ಕ್ಯಾಪ್ಟನ್ ವಿದಾಲ್ ಒಂದು ರಾತ್ರಿ ಅಪ್ಪ-ಮಗನನ್ನು ಹಿಡಿದು ವಿಚಾರಿಸುತ್ತಾನೆ. ಮೊಲ ಹೊಡೆಯಲು ಬಂದೆವು ಅನ್ನುತ್ತಾರೆ. ನನ್ನ ಡಿವಿಡಿಯಲ್ಲಿ ಅಲ್ಲಿ ಚಿತ್ರ ಒಮ್ಮೆ ಹಾರಿತು. ಚೀಲದಿಂದ ಮೊಲ ಹೊರಬಂತು. ಸದ್ಯ, ನಿಜ ಗೊತ್ತಾಯ್ತು, ಬಿಟ್ಟು ಕಳಿಸಿದ ಅಂದುಕೊಂಡೆ.

ಪೂರ್ತಿ ಪ್ರತಿಯಲ್ಲಿ ಆಗಿದ್ದೇ ಬೇರೆ. ಬಾಟಲಿಯಿಂದ ಮಗನ ಮುಖ ಜಜ್ಜುತ್ತಾನೆ. ಅಪ್ಪನಿಗೆ ಗುಂಡು ಹೊಡೆಯುತ್ತಾನೆ. ಆಮೇಲೆ ಚೀಲಕ್ಕೆ ಮತ್ತೆ ಕೈ ಹಾಕಿದರೆ ಮೊಲ! ಸರಿಯಾಗಿ ಹುಡುಕಲಿಲ್ಲ ಅಂತ ತನ್ನ ಸೈನಿಕರನ್ನು ಗದರುತ್ತಾನೆ, ಅಷ್ಟೇ. ಅಷ್ಟು ಕತ್ತರಿಸಿದ್ದಕ್ಕೆ ಇಡೀ ಸಿನಿಮಾ ಸಪ್ಪೆಯಾಗಿಬಿಟ್ಟಿತ್ತು. ಮನೆಗೆಲಸದ ಮೆರ್ಸೆದೆಸ್ ಯಾಕೆ ಅಷ್ಟು ಅಂಜುತ್ತಾಳೆ, ಕ್ಯಾಪ್ಟನ್ನನ ಮಲಮಗಳು ಪುಟ್ಟ ಒಫೇಲಿಯಾಗೆ ಮಾಯಾಲೋಕ ಯಾಕೆ ಬೇಕು, ಒಂದೂ ತಿಳಿದಿರಲಿಲ್ಲ. ಸುಮ್ನೆ ಮಕ್ಕಳ ಕತೆ ಅನ್ನಿಸಿತ್ತು.

ಎರಡನೆಯ ಸಲ ಫೋನಿನಲ್ಲಿ, ಪೂರ್ತಿ ಪ್ರತಿ. ಛಾಯಾಗ್ರಾಹಕ ಗಿಲೆರ್ಮೊ ನವಾರೊ ಕ್ಯಾಪ್ಟನ್ ಇರುವ ಕಡೆ ತಣ್ಣನೆಯ ನೀಲಿ, ಮಾಯಾಲೋಕಕ್ಕೆ ಬೆಚ್ಚನೆಯ ಹೊನ್ನಿನ ಬಣ್ಣ ಇಟ್ಟಿದ್ದಾರೆ. ಆಸ್ಕರ್ ಬಂದ ಕೆಲಸ ಅದು. ಫೋನಿನಲ್ಲಿ ಎರಡೂ ಒಂದೇ ಕಪ್ಪು. ಚೆಲುವು ಹೋಗಿ ಹೊಡೆತ ಮಾತ್ರ ಉಳಿಯಿತು. ಅರ್ಧಕ್ಕೇ ನಿಲ್ಲಿಸಿದೆ.

ಸಿನಿಮಾ ಸ್ಪ್ಯಾನಿಷ್ ಭಾಷೆಯದು, ಡಬ್ಬಿಂಗ್ ಬೇಡ. ಇಂಗ್ಲಿಷ್ ಸಬ್‌ಟೈಟಲ್ ನಿರ್ದೇಶಕರೇ ಬರೆದದ್ದು.

ಮೂರನೆಯದು ಗೆಳತಿಯ ಪ್ರೊಜೆಕ್ಟರ್. ಅಂಗೈಯಲ್ಲಿ ಕಣ್ಣಿರುವ ಬಿಳಿಚಿದ ರಾಕ್ಷಸ, ಅವನ ಮುಂದೆ ಹಣ್ಣು ತುಂಬಿದ ಮೇಜು. ಬಾಯಲ್ಲಿ ನೀರೂರಿತು, ಮೈಯೂ ಜುಮ್ಮೆಂದಿತು. ಒಫೇಲಿಯಾ ದ್ರಾಕ್ಷಿಗೆ ಕೈ ಚಾಚಿದಾಗ ಬೇಡ ಅಂತ ಕೂಗಿಬಿಟ್ಟೆ. ಕ್ಯಾಪ್ಟನ್ನನೂ ತುಂಬಿದ ಊಟದ ಮೇಜಿನ ತುದಿಯಲ್ಲಿ ಹೀಗೇ ಕೂತಿದ್ದನಲ್ವಾ ಅಂತ ಆಗ ಹೊಳೆಯಿತು.

ಬಾಟಲಿ ದೃಶ್ಯಕ್ಕೆ ಮಾತ್ರ ಕಣ್ಣು ಮುಚ್ಚಿದ್ದೆ. ಶಬ್ದ ಕೇಳಿಸಿತು, ಅಷ್ಟೇ ಸಾಕಾಯಿತು. ಮೆರ್ಸೆದೆಸ್ ಜೋಗುಳದ ಪದ ನೆನಪಿಲ್ಲ ಅಂತ ಬರೀ ರಾಗ ಗುನುಗಿದಾಗ, ಮೂರು ಸಲದಲ್ಲಿ ಮೊದಲ ಬಾರಿ ಅತ್ತೆ.

ಇಂಥ ಸಿನಿಮಾ ನಾನು ವರ್ಷಕ್ಕೆ ಒಂದೋ ಎರಡೋ ನೋಡುವವಳು. ಅದಕ್ಕಾಗಿ ಪ್ರೊಜೆಕ್ಟರ್ ಕೊಳ್ಳುವಷ್ಟು ದುಡ್ಡಿಲ್ಲ, ಗೆಳತಿಯದೇ ಕೇಳುತ್ತೇನೆ. ಅದೂ ಸಿಗದಿದ್ದರೆ ದೀಪ ಆರಿಸಿ ಟಿವಿಯಲ್ಲಿ. ಫೋನಿನಲ್ಲಂತೂ ಇನ್ನಿಲ್ಲ.