ಅಲಸಂದೆಗೆ ಕುಟ್ಟೆ: ಬೇವಿನ ಸೊಪ್ಪೋ, ಬಜೆಯೋ, ಹರಳೆಣ್ಣೆಯೋ?

ರಾಗಿ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಅಲಸಂದೆ ಹಾಗಲ್ಲ, ಎರಡು ತಿಂಗಳಿಗೇ ಕುಟ್ಟೆ ಹುಳು ಕೊರೆದು ಡಬ್ಬದ ತಳದಲ್ಲಿ ಹಿಟ್ಟು ಕಾಣುತ್ತದೆ. ಕಳೆದ ದೀಪಾವಳಿ ಆದ ಮೇಲೆ ಕಾಳನ್ನು ಮೂರು ದಿನ ಬಿಸಿಲಿಗೆ ಹಾಕಿ, ಎರಡೆರಡು ಕಿಲೋ ನಾಲ್ಕು ಡಬ್ಬಕ್ಕೆ ತುಂಬಿದೆ. ಒಂದಕ್ಕೆ ಏನೂ ಬೆರೆಸಲಿಲ್ಲ. ಯುಗಾದಿಗೆ ತೆರೆದಾಗ ಅದರಲ್ಲಿ ತೂತಿಲ್ಲದ ಕಾಳು ಹುಡುಕಬೇಕಾಯಿತು.

ಬೇವಿನ ಸೊಪ್ಪಿನ ಮೇಲೆ ನನಗೆ ತುಂಬಾ ನಂಬಿಕೆಯಿತ್ತು. ಅಜ್ಜಿ ಮಾಡುತ್ತಿದ್ದಂತೆಯೇ ನೆರಳಲ್ಲಿ ಒಣಗಿಸಿ ಪದರ ಪದರವಾಗಿ ಹಾಕಿದ್ದೆ. ಆದರೂ ನೂರು ಕಾಳು ಎಣಿಸಿದರೆ 31ಕ್ಕೆ ತೂತು. ಬೇಜಾರಾಯಿತು. ಹುಳುವನ್ನು ಕಾಡುವ ಅಜಾಡಿರಾಕ್ಟಿನ್ ಅಂಶ ಬೇವಿನ ಬೀಜದಲ್ಲಿ ಜಾಸ್ತಿ, ಎಲೆಯಲ್ಲಿ ಕಡಿಮೆ.

ಬಜೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಕಿಲೋಗೆ 10 ಗ್ರಾಂ ಪುಡಿ ಬೆರೆಸಿದೆ. ನೂರರಲ್ಲಿ ಎರಡೇ ತೂತು! ಆದರೆ ಆ ಕಾಳನ್ನು ಅಡುಗೆಗೆ ಬಳಸಲು ಮನಸ್ಸಾಗಲಿಲ್ಲ. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ರಾಸಾಯನಿಕ ಪ್ರಯೋಗದ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ತಂದಿತ್ತು. ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಬಜೆ ಬಳಸುವುದನ್ನು ನಿಲ್ಲಿಸಿದರು. ಮಗುವಿಗೆ ಬಜೆ ತೇದು ನೆಕ್ಕಿಸುವ ನಮಗೆ ಇದು ಒಪ್ಪಲು ಕಷ್ಟದ ಮಾತು, ಅಲ್ವಾ? ಆ ಡಬ್ಬವನ್ನು ಬಿತ್ತನೆಗೆ ಎತ್ತಿಟ್ಟೆ. ಒದ್ದೆ ಬಟ್ಟೆಯಲ್ಲಿ ಕಟ್ಟಿದ 20 ಕಾಳಿನಲ್ಲಿ 18 ಮೊಳಕೆ ಬಂದವು.

ಊಟದ ಕಾಳಿಗೆ ನನ್ನ ಆಯ್ಕೆ ಹರಳೆಣ್ಣೆ. ಕಿಲೋಗೆ ಒಂದು ಟೀ ಚಮಚ, ಅಂದರೆ 5 ಮಿಲಿ ಸಾಕು. ಸುಮ್ನೆ ಸುರಿದು ಕುಲುಕಿದರೆ ಆಗದು. ಪ್ರತಿ ಕಾಳೂ ಮಿನುಗುವವರೆಗೆ ಅಂಗೈಯಲ್ಲಿ ಉಜ್ಜಬೇಕು. ಎರಡು ಕಿಲೋಗೆ ನನಗೆ ಕಾಲು ಗಂಟೆ ಹಿಡಿಯಿತು. ಈ ಹುಳು ಮೊಟ್ಟೆಯನ್ನು ಕಾಳಿನ ಹೊರಮೈಗೆ ಅಂಟಿಸುತ್ತದೆ. ಎಣ್ಣೆ ಮೆತ್ತಿದ ಕಾಳಿಗೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಉಸಿರುಗಟ್ಟಿ ಸಾಯುತ್ತದೆ. ಯುಗಾದಿಗೆ ನೂರರಲ್ಲಿ ನಾಲ್ಕು ತೂತು ಮಾತ್ರ. ಬಜೆಗಿಂತ ಎರಡು ಜಾಸ್ತಿ, ಆದರೆ ಬಿಸಿನೀರಲ್ಲಿ ಎರಡು ಸಲ ತೊಳೆದು ಹುಳಿ ಮಾಡಿದರೆ ಎಣ್ಣೆಯ ವಾಸನೆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹುಳು ಹೊಲದಿಂದಲೇ ಕಾಳಿನ ಜೊತೆ ಬರುತ್ತದೆ. ಮರಿ ಆಗಲೇ ಒಳಗೆ ಹೊಕ್ಕಿದ್ದರೆ ಎಣ್ಣೆಯಿಂದ ಹೆಚ್ಚೇನೂ ಆಗದು. ಹಾಗಾಗಿ ಡಬ್ಬಕ್ಕೆ ತುಂಬುವ ಮೊದಲು ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಸಿಪ್ಪೆಯ ಮೇಲೆ ಬಿಳಿ ಚುಕ್ಕೆಗಳಿದ್ದರೆ ಅವೇ ಮೊಟ್ಟೆ.