ಏಳು ವರ್ಷ ಬಳಸಿದ ಫ್ಲಾನೆಲ್ ಬೋರ್ಡ್ ಬೈಬಲ್ ಕಥೆಗಳ ಸೆಟ್: ಕೋಲಾರದ ನಮ್ಮ ಮನೆಯ ಅನುಭವ

ಚಿಕ್ಕ ಮಕ್ಕಳಿರುವ ಮನೆಯವರು ಚರ್ಚಿನಲ್ಲಿ ಸಿಕ್ಕಾಗಲೆಲ್ಲ ಈ ಸೆಟ್ ಬಗ್ಗೆ ಕೇಳುತ್ತಾರೆ. ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವ ಹೊತ್ತಿನಲ್ಲಿ ವಿವರವಾಗಿ ಹೇಳಲು ಆಗುವುದಿಲ್ಲ. "ಚೆನ್ನಾಗಿದೆ, ತೆಗೆದುಕೊಳ್ಳಿ" ಎಂದಷ್ಟೇ ಹೇಳಿ ಕಳುಹಿಸಿದ್ದೇನೆ. ಅದು ಪೂರ್ತಿ ಉತ್ತರವಲ್ಲ. ಈ ಸೆಟ್‌ನಲ್ಲಿ ನಾನು ಮನಸಾರೆ ಮೆಚ್ಚಿದ್ದೂ ಇದೆ, ಕೋಪ ಬಂದು ಪಕ್ಕಕ್ಕೆ ಎತ್ತಿಟ್ಟದ್ದೂ ಇದೆ.

ಕೊಂಡದ್ದು 2018ರ ಜೂನ್‌ನಲ್ಲಿ, ಬೆಂಗಳೂರಿನ ಒಂದು ಕ್ರೈಸ್ತ ಪುಸ್ತಕದಂಗಡಿಯಲ್ಲಿ. ಬೆಲೆ 1,850 ರೂಪಾಯಿ. ಆಗ ಮಗನಿಗೆ ನಾಲ್ಕು ವರ್ಷ, ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು. ಎರಡಾಗಿ ಮಡಿಸುವ ಒಂದು ಬೋರ್ಡ್, ಬೆಟ್ಟ, ಸಮುದ್ರ ಮತ್ತು ಮನೆಯೊಳಗು ಎಂಬ ಮೂರು ಹಿನ್ನೆಲೆ ಬಟ್ಟೆಗಳು, ಸುಮಾರು 140 ಚಿತ್ರಗಳು, ಮೂವತ್ತು ಕಥೆಗಳ ಕನ್ನಡ ಕೈಪಿಡಿ. ಚಿತ್ರಗಳು ಕತ್ತರಿಸಿದ ಸ್ಥಿತಿಯಲ್ಲಿ ಬರುವುದಿಲ್ಲ, ದೊಡ್ಡ ಹಾಳೆಗಳಲ್ಲಿ ಅಚ್ಚಾಗಿ ಬರುತ್ತವೆ. ಊಟವಾದ ಮೇಲೆ ನಾನೂ ನಮ್ಮ ಅತ್ತೆಯವರೂ ಕುಳಿತು ಕತ್ತರಿಸಲು ಐದು ರಾತ್ರಿ ಬೇಕಾಯಿತು. ಡಬ್ಬಿಯ ಮೇಲೆ ಇದರ ಸುಳಿವೇ ಇಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಫ್ಲಾನೆಲ್ ಬಟ್ಟೆಯ ಮೇಲೆ ಸಣ್ಣ ಜುಂಗು ಇರುತ್ತದೆ. ಚಿತ್ರದ ಹಿಂಬದಿಗೂ ಅಂಥದೇ ಜುಂಗು. ಒಂದರ ಎಳೆ ಇನ್ನೊಂದರಲ್ಲಿ ಸಿಕ್ಕಿಕೊಂಡು ಅಂಟಿಲ್ಲದೆಯೇ ಚಿತ್ರ ನಿಲ್ಲುತ್ತದೆ. ನಾವು ಚಿಕ್ಕವರಿದ್ದಾಗ ಸಂಡೇ ಸ್ಕೂಲಿನ ಟೀಚರ್ ಇದರಲ್ಲೇ ಕಥೆ ಹೇಳುತ್ತಿದ್ದರು. ಆದರೆ ನಮ್ಮ ಕೋಲಾರದ ಧೂಳು ಈ ಜುಂಗಿಗೆ ಶತ್ರು. ಎರಡನೆಯ ಬೇಸಿಗೆ ಬರುವಷ್ಟರಲ್ಲಿ ಚಿತ್ರಗಳು ಜಾರಲು ತೊಡಗಿದವು. ಒಮ್ಮೆ ದಾವೀದನೆಂಬ ಹುಡುಗ ಕವಣೆಯ ಕಲ್ಲು ಬೀಸುವ ಮೊದಲೇ ದೈತ್ಯ ಗೊಲ್ಯಾತನು ನೆಲಕ್ಕೆ ಬಿದ್ದಾಗ ಮಗ ಅಳಲು ಶುರುಮಾಡಿದ. ಬಡಗಿಗಳು ಬಳಸುವ ಉಪ್ಪುಕಾಗದದ ನಯವಾದ ಜಾತಿಯನ್ನು ಬೆರಳಗಲಕ್ಕೆ ಕತ್ತರಿಸಿ ಚಿತ್ರದ ಹಿಂದೆ ಅಂಟಿಸಿದರೆ ಮತ್ತೆ ಗಟ್ಟಿಯಾಗಿ ಹಿಡಿಯುತ್ತದೆ. ಬೋರ್ಡನ್ನು ತಿಂಗಳಿಗೊಮ್ಮೆ ಬ್ರಷ್‌ನಿಂದ ಉಜ್ಜಿ, ಬಳಸದಾಗ ಹಳೆಯ ಸೀರೆಯಲ್ಲಿ ಸುತ್ತಿಡಿ. ಇಷ್ಟು ಮಾಡಿದ್ದರಿಂದ ನಮ್ಮದು ಇಂದಿಗೂ ನಡೆಯುತ್ತಿದೆ. ಹದಿನೇಳು ಚಿತ್ರಗಳು ಕಳೆದಿವೆ, ಬೋರ್ಡಿನ ಮಡಿಕೆ ಹರಿದು ಒಮ್ಮೆ ಹೊಲಿಸಿದ್ದೇನೆ.

ಬಳಸುವ ಕ್ರಮವನ್ನು ನಾವು ಕೈಪಿಡಿಯಿಂದ ತೆಗೆದುಕೊಳ್ಳಲಿಲ್ಲ, ಸುಸಾನಾ ವೆಸ್ಲಿಯವರಿಂದ ತೆಗೆದುಕೊಂಡೆವು. ನಮ್ಮದು ಮೆಥೋಡಿಸ್ಟ್ ಮನೆ. ಮೆಥೋಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿಯವರ ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತರು, ಬದುಕಿ ಬೆಳೆದವರು ಹತ್ತು ಮಂದಿ. ಅಷ್ಟು ದೊಡ್ಡ ಸಂಸಾರದಲ್ಲೂ ಆಕೆ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆ ಎತ್ತಿಟ್ಟು, ಆ ಮಗುವಿನೊಂದಿಗೆ ಒಂಟಿಯಾಗಿ ಕುಳಿತು ಮಾತನಾಡುತ್ತಿದ್ದರು. ಜಾನ್ ಅವರ ಪಾಲು ಗುರುವಾರ. ದೊಡ್ಡವರಾದ ಮೇಲೂ ತಾಯಿಗೆ ಬರೆದ ಪತ್ರದಲ್ಲಿ ಅವರು ಆ ಗುರುವಾರದ ಸಂಜೆಯನ್ನು ನೆನೆದಿದ್ದಾರೆ. ನನಗೆ ಇಬ್ಬರೇ ಮಕ್ಕಳು, ಸಮಯವಿಲ್ಲ ಎನ್ನಲು ಬಾಯಿ ಬರಲಿಲ್ಲ. ಮಗನಿಗೆ ಗುರುವಾರ, ಮಗಳು ಮೂರು ವರ್ಷ ದಾಟಿದ ಮೇಲೆ ಅವಳಿಗೆ ಸೋಮವಾರ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಎಂದೂ ಇಲ್ಲ. ಒಂದು ಕಥೆಗೆ ಒಂದು ವಾರವಲ್ಲ, ಮೂರು ವಾರ. ಮೊದಲ ವಾರ ನಾನು ಹೇಳುತ್ತೇನೆ, ಎರಡನೆಯ ವಾರ ಮಗು ಚಿತ್ರ ಹಚ್ಚುತ್ತದೆ, ಮೂರನೆಯ ವಾರ ಮಗುವೇ ಹೇಳುತ್ತದೆ, ನಾನು ಕೇಳುತ್ತೇನೆ. ಮಗು ಯಾವುದನ್ನು ಬಿಟ್ಟು ಹೇಳುತ್ತದೆ, ಯಾವುದನ್ನು ಹಿಗ್ಗಿಸಿ ಹೇಳುತ್ತದೆ ಎಂದು ಆ ಮೂರನೆಯ ವಾರದಲ್ಲಿ ಗಮನಿಸಿದಷ್ಟು ನನ್ನ ಮಕ್ಕಳನ್ನು ನಾನು ಬೇರೆಲ್ಲೂ ಅರಿತಿಲ್ಲ.

ಚಿತ್ರಗಳ ವಿಷಯಕ್ಕೆ ಬರುತ್ತೇನೆ. ಬಣ್ಣ ಇಂದಿಗೂ ಮಾಸಿಲ್ಲ, ಅದಕ್ಕೆ ಪೂರ್ಣ ಅಂಕ. ಆದರೆ ಎಲ್ಲರೂ ಹಾಲಿನಂತೆ ಬೆಳ್ಳಗೆ, ಯೇಸುವಿಗೆ ಹೊಂಬಣ್ಣದ ಕೂದಲು. ಅವರು ಏಷ್ಯಾದ ಬಿಸಿಲುನಾಡಿನ ಯೆಹೂದ್ಯರು, ಬಡಗಿಯ ಕೆಲಸ ಮಾಡಿದವರು ಎಂದು ಪ್ರತಿ ಸಲ ತಿದ್ದಿ ಹೇಳಬೇಕಾಗುತ್ತದೆ. ದೇವರನ್ನು ಕುರುಬನಿಗೆ ಹೋಲಿಸುವ ಬೈಬಲ್‌ನ ಹಾಡು, ಕೀರ್ತನೆ 23ಕ್ಕೆ ಕೊಟ್ಟಿರುವ ಕುರುಬನನ್ನು ಮಗ ಒಪ್ಪಲೇ ಇಲ್ಲ. ಅಂತರಗಂಗೆ ಬೆಟ್ಟದ ಬುಡದಲ್ಲಿ ಕುರಿ ಕಾಯುವವರನ್ನು ಅವನು ನೋಡಿದ್ದಾನೆ. "ಇವರಿಗೆ ಕಂಬಳಿಯೇ ಇಲ್ಲವಲ್ಲ, ಮಳೆ ಬಂದರೆ?" ಎಂದ. ಅತ್ತೆಯವರು ಕರಿಯ ಬಟ್ಟೆಯ ಒಂದು ಚೂರನ್ನು ಕಂಬಳಿಯಂತೆ ಮಡಚಿ ಚಿತ್ರದ ಕುರುಬನ ತಲೆಯ ಮೇಲೆ ಹೊದಿಸಿದರು. ಅಂದಿನಿಂದ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂಬ ಮಾತು ಮಗನಿಗೆ ಬರೀ ಬಾಯಿಪಾಠವಾಗಿ ಉಳಿಯಲಿಲ್ಲ.

ಯೇಸುವನ್ನು ನೋಡಲು ಮರ ಹತ್ತಿದ ಗಿಡ್ಡ ಜಕ್ಕಾಯನ ಮರವೂ ಹಾಗೆಯೇ. ಸೆಟ್‌ನಲ್ಲಿ ಇರುವುದು ಚಳಿದೇಶದ ಚೂಪು ಮರ. ಜಕ್ಕಾಯ ಹತ್ತಿದ ಮರ ನಮ್ಮ ಅತ್ತಿಯ ಬಳಗದ್ದು, ಅತ್ತಿಯಂತೆಯೇ ಕಾಂಡದ ಮೇಲೆ ಗೊಂಚಲು ಗೊಂಚಲಾಗಿ ಕಾಯಿ ಬಿಡುವಂಥದ್ದು. ನಮ್ಮ ಮಾವನವರ ಹೊಲದ ಬದುವಿನಲ್ಲಿ ಅತ್ತಿ ಮರವಿದೆ. ಮಕ್ಕಳಿಬ್ಬರನ್ನೂ ಅದಕ್ಕೆ ಹತ್ತಿಸಿ, ಕೆಳಗೆ ನಿಂತು, "ಇಳಿದು ಬಾ, ಈ ಹೊತ್ತು ನಿನ್ನ ಮನೆಯಲ್ಲಿಯೇ ಊಟ" ಎಂದು ಅವರ ಅಪ್ಪ ಯೇಸುವಿನ ಹಾಗೆ ಕರೆದ ದಿನ ಬೋರ್ಡಿನ ಅಗತ್ಯವೇ ಬೀಳಲಿಲ್ಲ.

ಸಣ್ಣ ಸಾಸಿವೆ ಕಾಳು ಹಕ್ಕಿಗಳು ಕೂರುವಷ್ಟು ದೊಡ್ಡ ಗಿಡವಾಗುತ್ತದೆ ಎಂಬ ಯೇಸುವಿನ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಮಾತ್ರ ನಾನು ಸಿಕ್ಕಿಬಿದ್ದೆ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿಯ ಜೊತೆ ಸಾಸಿವೆಯನ್ನೂ ಹಾಕುತ್ತಾರೆ. "ಅಮ್ಮ, ಸಾಸಿವೆ ಗಿಡ ನನ್ನಷ್ಟೂ ಇಲ್ಲ, ಅದರಲ್ಲಿ ಹಕ್ಕಿ ಹೇಗೆ ಕೂರುತ್ತದೆ?" ಎಂದು ಮಗ ಕೇಳಿದ. ಸುಮ್ಮನೆ ನಂಬು ಎನ್ನಲು ಮನಸ್ಸಾಗಲಿಲ್ಲ. ಓದಿ ತಿಳಿದು, ಮುಂದಿನ ಗುರುವಾರ ಹೇಳಿದೆ: ಯೇಸುವಿನ ನಾಡಿನ ಕರಿಸಾಸಿವೆ ಆಳೆತ್ತರಕ್ಕೂ ಮಿಗಿಲಾಗಿ ಬೆಳೆಯುತ್ತದೆ. ಬಿತ್ತುವವನ ಬೀಜ ದಾರಿಯಲ್ಲೂ ಮುಳ್ಳಲ್ಲೂ ಬೀಳುವ ಸಾಮ್ಯದಲ್ಲೂ ಅಂಥದೇ ಪ್ರಶ್ನೆ. ತಾತ ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುತ್ತಾರೆ, ಒಂದು ಕಾಳೂ ದಾರಿಗೆ ಬೀಳುವುದಿಲ್ಲ. ಈ ರೈತ ಯಾಕೆ ಎಲ್ಲೆಂದರಲ್ಲಿ ಚೆಲ್ಲುತ್ತಾನೆ? ಕೈಯಿಂದ ಎರಚಿ ಬಿತ್ತುವ ಪದ್ಧತಿಯನ್ನು ಅವರ ತಾತನೇ ಅಂಗಳದಲ್ಲಿ ತೋರಿಸಿದರು. ಇಂಥ ಪ್ರಶ್ನೆ ಬರುವುದು ಮಗು ಚಿತ್ರವನ್ನು ಕೈಯಲ್ಲಿ ಹಿಡಿದು ಎಲ್ಲಿ ಇಡಲಿ ಎಂದು ಯೋಚಿಸುವಾಗ. ಮೊಬೈಲ್‌ನಲ್ಲಿ ಇದೇ ಕಥೆಗಳ ಚೆಂದದ ವಿಡಿಯೊಗಳಿವೆ, ನಾವೂ ತೋರಿಸಿದ್ದೇವೆ. ಅವು ಮುಗಿದ ಕೂಡಲೇ ಮಕ್ಕಳು ಮುಂದಿನದು ಹಾಕು ಎಂದರು. ಒಂದು ಪ್ರಶ್ನೆಯೂ ಬರಲಿಲ್ಲ.

ಇನ್ನು ಕೈಪಿಡಿ. ಇಡೀ ಸೆಟ್‌ನಲ್ಲಿ ಕಡೆಗಣಿಸಿ ಮಾಡಿದ ವಸ್ತು ಇದೇ. ಬೇರೆ ಭಾಷೆಯಿಂದ ಆತುರದಲ್ಲಿ ಇಳಿಸಿದ ಕನ್ನಡ. ನಾಲ್ಕು ವರ್ಷದ ಮಗುವಿಗೆ "ನೀತಿವಂತನೆಂದು ನಿರ್ಣಯಿಸಲ್ಪಡುವುದು" ಎಂದು ಓದಿ ಹೇಳಿದರೆ ಏನಾದೀತು? ನಿಘಂಟಿನ ಕಿಟ್ಟೆಲ್ ಅವರು 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ಕಟ್ಟಿದ್ದರು. ಹೊರಗಿನಿಂದ ಬಂದವರಿಗೆ ಅಂದೇ ಹೊಳೆದದ್ದು ಇಂದು ಇಲ್ಲಿಯೇ ಅಚ್ಚು ಹಾಕುವವರಿಗೆ ಹೊಳೆಯದಿರುವುದು ನನಗೆ ನೋವು ತರುತ್ತದೆ. ಕಥೆಗಳ ಕ್ರಮವೂ ಸರಿಯಿಲ್ಲ. ಜಲಪ್ರಳಯದ ನೋಹನ ನಾವೆ ಎರಡನೆಯದು, ತಂದೆ ಅಬ್ರಹಾಮನು ಬಲಿಕೊಡಲು ಹೊರಟ ಇಸಾಕನ ಕಥೆ ಐದನೆಯದು, ಜೊತೆಗೆ ಕತ್ತಿ ಎತ್ತಿದ ಅಬ್ರಹಾಮನ ಚಿತ್ರ. ಮಗ ಆ ರಾತ್ರಿ ಅಪ್ಪನ ಪಕ್ಕದಲ್ಲಿ ಮಲಗಲು ಒಲ್ಲೆ ಎಂದ. ಆ ಚಿತ್ರವನ್ನು ಲಕೋಟೆಯಲ್ಲಿ ಹಾಕಿ ಮುಚ್ಚಿಟ್ಟೆ, ಅವನಿಗೆ ಒಂಬತ್ತು ತುಂಬಿದ ಮೇಲೆ ತೆರೆದೆ. ಬಾಗಿಲು ಮುಚ್ಚಿದ ನಾವೆಯ ಹೊರಗಿದ್ದ ಮಕ್ಕಳ ಬಗ್ಗೆ ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಇಬ್ಬರೂ ಸುಮ್ಮನೆ ಕುಳಿತು ಪ್ರಾರ್ಥನೆ ಮಾಡಿದೆವು. ನನ್ನ ಸಲಹೆ: ಆರು ವರ್ಷದವರೆಗೆ ಯೇಸುವಿನ ಬಾಲ್ಯ, ಸಾಮ್ಯಗಳು, ಐದು ರೊಟ್ಟಿ ಎರಡು ಮೀನು, ಬಿರುಗಾಳಿಯನ್ನು ಅಡಗಿಸಿದ್ದು, ಇಷ್ಟೇ ಸಾಕು. ಶಿಲುಬೆಯ ಕಥೆಯನ್ನು ಹೇಳಲೇಬೇಕು, ಆದರೆ ಎಂದೂ ಶುಭ ಶುಕ್ರವಾರದಲ್ಲಿಯೇ ನಿಲ್ಲಿಸಿ ಮಗುವನ್ನು ಮಲಗಿಸಬೇಡಿ. ಅದೇ ಸಂಜೆ ಯೇಸು ಎದ್ದು ಬಂದ ಬರಿದಾದ ಸಮಾಧಿಯನ್ನೂ ಹಚ್ಚಿ.

ನೆರೆಹೊರೆಯವರ ದೇವರುಗಳ ಬಗ್ಗೆ ಕೈಪಿಡಿಯಲ್ಲಿ ಕಟುವಾದ ಒಂದು ಪುಟವಿದೆ. ಅದನ್ನು ನಾನು ಒಮ್ಮೆಯೂ ಓದಿ ಹೇಳಿಲ್ಲ. ನಮ್ಮ ಬೀದಿಯಲ್ಲಿ ಗೌರಿ ಹಬ್ಬಕ್ಕೆ ನನ್ನ ಮಕ್ಕಳಿಗೆ ಹೋಳಿಗೆ ಬರುತ್ತದೆ, ರಂಜಾನಿಗೆ ಶಾವಿಗೆ ಪಾಯಸ ಬರುತ್ತದೆ. ಬೋರ್ಡ್ ನೋಡಲು ಪಕ್ಕದ ಮನೆಯ ಮಕ್ಕಳು ಬಂದರೆ ಮೊದಲು ಅವರ ತಾಯಂದಿರನ್ನು ಕೇಳುತ್ತೇನೆ. ನನ್ನ ಮಕ್ಕಳಿಗೆ ಕಲಿಸುವುದು ನನ್ನ ಹೊಣೆ, ಅವರ ಮಕ್ಕಳಿಗೆ ಕಲಿಸುವುದು ಅವರ ಹೊಣೆ.

2020ರ ಮಾರ್ಚ್‌ನಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ಈ ಬೋರ್ಡೇ ನಮ್ಮ ಸಂಡೇ ಸ್ಕೂಲ್ ಆಯಿತು. ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ಹೇಳಿಕೊಡಿ ಎಂದು ಬೈಬಲ್‌ನ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿದೆ. ಅದು ಸಭೆಪಾಲಕರಿಗೆ ಹೇಳಿದ ಮಾತಲ್ಲ, ನನಗೆ ಹೇಳಿದ್ದು ಎಂದು ಆ ತಿಂಗಳುಗಳಲ್ಲಿ ನನಗೆ ನಾಟಿತು.

ಸೆಟ್‌ನ ದೊಡ್ಡ ಕೊರತೆ ನನಗೆ ಗೊತ್ತಾದದ್ದು ಇನ್ನೂ ತಡವಾಗಿ, ಮಗಳಿಗೆ ಮೂರು ವರ್ಷವಾದಾಗ. ಅವಳು ಅಣ್ಣನ ಚಿತ್ರಕಲೆಯ ಪುಸ್ತಕವನ್ನು ಹರಿದಿದ್ದಳು. ಅವಳಿಗೆ ಜ್ವರವಿತ್ತೆಂದು ನಾನು ಬೈಯಲಿಲ್ಲ, ಎತ್ತಿಕೊಂಡೆ. ಮಗ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟ. ಆ ಗುರುವಾರ ಬಂದ ಕಥೆ ಲೂಕನ ಹದಿನೈದನೆಯ ಅಧ್ಯಾಯದ ತಪ್ಪಿಹೋದ ಮಗನದು: ಆಸ್ತಿಯ ಪಾಲು ಹಾಳುಮಾಡಿ ಮರಳಿದ ಕಿರಿಯ ಮಗನಿಗೆ ತಂದೆ ಔತಣ ಮಾಡಿಸುತ್ತಾನೆ. ತಂದೆ, ಕಿರಿಯ ಮಗ, ಹಂದಿಗಳು, ಉಂಗುರ, ಕೊಬ್ಬಿಸಿದ ಕರು, ಎಲ್ಲ ಇವೆ. ಕೈಪಿಡಿಯ ಕಥೆ ಔತಣದಲ್ಲಿ ಮುಗಿಯುತ್ತದೆ. ಆದರೆ ಅವರ ಅಪ್ಪ ಸತ್ಯವೇದದಿಂದಲೇ, ಅಂದರೆ ಬೈಬಲ್‌ನಿಂದಲೇ, ಪೂರ್ತಿ ಓದಿದ್ದರಿಂದ, "ಅಣ್ಣ ಎಲ್ಲಿ?" ಎಂದು ಮಗ ಡಬ್ಬಿಯಲ್ಲಿ ಹುಡುಕತೊಡಗಿದ. ಹಿರಿಯ ಮಗನ ಚಿತ್ರವನ್ನು ಅವರು ಮಾಡಿಯೇ ಇರಲಿಲ್ಲ. ಹೊಲದಿಂದ ಬಂದು, ವಾದ್ಯದ ಸದ್ದು ಕೇಳಿ, ಸಿಟ್ಟಿನಿಂದ ಹೊರಗೇ ನಿಂತವನು ಅವನು. ಅವನಿಲ್ಲದಿದ್ದರೆ ಸಾಮ್ಯದ ಅರ್ಧ ಭಾಗವೇ ಇಲ್ಲ. ಪ್ರಕಾಶಕರಿಗೆ ಎರಡು ಸಲ ಪತ್ರ ಬರೆದೆ, ಉತ್ತರ ಬರಲಿಲ್ಲ.

ಮಗನಿಗೆ ಚಿಕ್ಕದಾಗಿದ್ದ ಶಾಲೆಯ ಸ್ವೆಟರಿನ ತೋಳಿನಿಂದ ಅತ್ತೆಯವರು ಒಬ್ಬ ಹಿರಿಯ ಮಗನನ್ನು ಕತ್ತರಿಸಿ ಕೊಟ್ಟರು. ಮಗ ಅವನನ್ನು ಬೋರ್ಡಿನ ತೀರ ಅಂಚಿನಲ್ಲಿ, ಮನೆಯ ಚಿತ್ರಕ್ಕೆ ಬೆನ್ನು ಮಾಡಿಸಿ ಹಚ್ಚಿದ. "ಕೊನೆಗೆ ಒಳಗೆ ಹೋದನಾ ಅಜ್ಜಿ?" "ಯೇಸು ಸ್ವಾಮಿ ಅದನ್ನು ಹೇಳಿಲ್ಲ ಕಂದ." ಬೋರ್ಡನ್ನು ತೆಗೆಯಬೇಡಿ ಎಂದ. ನಾಲ್ಕು ದಿನ ಅದು ಗೋಡೆಗೆ ಒರಗಿಕೊಂಡೇ ಇತ್ತು. ಐದನೆಯ ಬೆಳಿಗ್ಗೆ ಕಸ ಗುಡಿಸಲು ಹೋದಾಗ ನೋಡಿದೆ: ಹಿರಿಯ ಮಗ ಅದೇ ಅಂಚಿನಲ್ಲಿಯೇ ಇದ್ದ. ತಂದೆಯನ್ನು ಮಾತ್ರ ಔತಣದ ನಡುವಿನಿಂದ ತೆಗೆದು, ಹೊರಗೆ ಅವನ ಪಕ್ಕಕ್ಕೆ ತಂದು, ಇಬ್ಬರ ಕೈ ತಾಗುವಂತೆ ಹಚ್ಚಲಾಗಿತ್ತು. ಯಾರು ಮಾಡಿದ್ದು ಎಂದು ನಾನು ಕೇಳಲಿಲ್ಲ. ಪೊರಕೆಯನ್ನು ಅಲ್ಲಿಯೇ ಇಟ್ಟು ಸ್ವಲ್ಪ ಹೊತ್ತು ನಿಂತೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕೈಪಿಡಿಗಾಗಿ. ಮಕ್ಕಳು ತಾವಾಗಿ ಆಡಿಕೊಳ್ಳಲಿ ಎಂದು ಕೊಳ್ಳುವವರಿಗೆ ಇದು ಬೇಡ, ವಾರದೊಳಗೆ ಚಿತ್ರಗಳು ಮಂಚದ ಕೆಳಗೆ ಸೇರುತ್ತವೆ. ಪಕ್ಕದಲ್ಲಿ ಕುಳಿತುಕೊಳ್ಳುವ ಮನಸ್ಸಿದ್ದರೆ ಕೊಳ್ಳಿ. ಅಂಗಡಿಯಲ್ಲಿಯೇ ಹಾಳೆಗಳನ್ನು ಬಿಡಿಸಿ ನೋಡಿ. ಹಿರಿಯ ಮಗ ಅದರಲ್ಲಿ ಇಲ್ಲದಿದ್ದರೆ ಅಂಗೈಯಗಲದ ಉಣ್ಣೆ ಬಟ್ಟೆ ಸಾಕು, ಅರ್ಧ ಗಂಟೆಯ ಕೆಲಸ.