ಆಸ್ಪತ್ರೆಯ ಮಂಚಕ್ಕೆ ಯಾವ ಜಪಸರ ಒಳ್ಳೆಯದು?

ಮನೆಗೆ ದೊಡ್ಡ ಕಾಯಿಲೆಯೋ ಸಾವೋ ಸಾಲದ ಹೊರೆಯೋ ಬಂದು ಕೂತಾಗ ಮೊದಲು ಬತ್ತಿಹೋಗುವುದು ಪ್ರಾರ್ಥನೆಯ ಮಾತು. ದೇವರ ಮುಂದೆ ಕೂತರೂ ಏನು ಹೇಳಬೇಕೆಂದೇ ತೋಚುವುದಿಲ್ಲ. ಕಥೋಲಿಕ ಕ್ರೈಸ್ತರು ಮಣಿ ಎಣಿಸುತ್ತಾ ಪ್ರಾರ್ಥಿಸುವ ಜಪಸರ ಹೊಸ ಮಾತನ್ನು ಕೇಳುವುದಿಲ್ಲ. ಚಿಕ್ಕಂದಿನಲ್ಲೇ ಬಾಯಿಪಾಠವಾದ, ಮಾತೆ ಮರಿಯಳಿಗೆ ಸಲ್ಲಿಸುವ ನಮೋ ಮರಿಯ ಪ್ರಾರ್ಥನೆ ಇದೆ, ಬೆರಳಿಗೆ ಮುಂದಿನ ಮಣಿ ಇದೆ, ಅಷ್ಟು ಸಾಕು. ಆದ್ದರಿಂದ ಕಷ್ಟದ ದಿನಗಳ ಜಪಸರವನ್ನು ನಿಶ್ಶಕ್ತವಾದ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳಬೇಕು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಸುತ್ತ, ಗುರುವಾರಗಳಂದು ವಿವೇಕನಗರದ ಬಾಲಯೇಸು ದೇವಾಲಯದ ಬಳಿ ಬಗೆಬಗೆಯವು ಸಿಗುತ್ತವೆ. ಕಣ್ಣಿಗೆ ಚೆಂದ ಕಂಡದ್ದನ್ನು ಎತ್ತಿಕೊಂಡು ಬಂದರೆ ರೋಗಿಯ ಕೈಯಲ್ಲಿ ಅದು ಮೂರು ದಿನವೂ ಬಾಳುವುದಿಲ್ಲ.

ಅಂಗಡಿಯಲ್ಲೇ ಮಣಿ ಎಣಿಸಿ. ಪೂರ್ತಿ ಜಪಸರದಲ್ಲಿ 59 ಮಣಿ: ನಮೋ ಮರಿಯಕ್ಕೆ 53, ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರಕ್ಕೆ 6. ಶಿಲುಬೆಯಿಂದ ಹೊರಟರೆ ಒಂದು ದೊಡ್ಡದು, ಮೂರು ಚಿಕ್ಕದು, ಮತ್ತೊಂದು ದೊಡ್ಡದು, ಆಮೇಲೆ ಪದಕ. ಪದಕದಾಚೆಯ ಸುತ್ತಿನಲ್ಲಿ ಹತ್ತರ ಐದು ಗುಂಪು, ನಡುನಡುವೆ ನಾಲ್ಕು ದೊಡ್ಡ ಮಣಿ. ಅಗ್ಗದ ಸರಗಳಲ್ಲಿ ಒಂದು ಗುಂಪಿಗೆ ಒಂಬತ್ತೋ ಹನ್ನೊಂದೋ ಬಿದ್ದಿರುವುದು ಅಪರೂಪವೇನಲ್ಲ. ಗಟ್ಟಿಮುಟ್ಟಾಗಿರುವವರಿಗೆ ಇದು ಚಿಲ್ಲರೆ ವಿಷಯ. ನೋವಿನ ಮಂಪರಿನಲ್ಲಿ ಎಣಿಸುವವರಿಗೆ ಮಾತ್ರ ತಾನೇ ತಪ್ಪಿದೆನೇನೋ ಎಂಬ ಕಳವಳ ಶುರುವಾಗುತ್ತದೆ.

ಎರಡನೆಯ ಪರೀಕ್ಷೆಯನ್ನು ಕಣ್ಣು ಮುಚ್ಚಿ ಮಾಡಬೇಕು. ಸರವನ್ನು ಬೆರಳಲ್ಲಿ ಎಳೆಯುತ್ತಾ ಹೋಗಿ. ಹತ್ತು ಮುಗಿದದ್ದು ಮುಟ್ಟಿದರೆ ಗೊತ್ತಾಗಬೇಕು. ಈಗ ಮಾರಾಟಕ್ಕಿರುವ ಅಂದದ ಸರಗಳು ಸೋಲುವುದು ಇಲ್ಲೇ. ದೊಡ್ಡ ಮಣಿಗೂ ಚಿಕ್ಕ ಮಣಿಗೂ ಬಣ್ಣದಲ್ಲಷ್ಟೇ ವ್ಯತ್ಯಾಸ, ಗಾತ್ರ ಒಂದೇ. ವಾರ್ಡಿನ ದೀಪ ಆರಿಸಿದ ಮೇಲೆ ಬಣ್ಣದಿಂದ ಏನು ಉಪಯೋಗ? ದೊಡ್ಡ ಮಣಿಯ ಎರಡೂ ಕಡೆ ಬೆರಳು ನಿಲ್ಲುವಷ್ಟು ಖಾಲಿ ಜಾಗವೂ ಇರಬೇಕು. ಮಣಿ 8 ಮಿಲಿಮೀಟರ್ ಇದ್ದರೆ ಹೆಚ್ಚಿನವರಿಗೆ ಸರಿ. ಸಂಧಿವಾತದಿಂದ ಬೆರಳು ಸೊಟ್ಟಗಾದವರಿಗೆ, ಸಕ್ಕರೆ ಕಾಯಿಲೆ ಅಥವಾ ಕೀಮೋದಿಂದ ಬೆರಳ ತುದಿ ಮರಗಟ್ಟಿದವರಿಗೆ 10 ಮಿಲಿಮೀಟರಿನದೇ ಬೇಕು. 6ರ ಮಣಿ ಅವರ ಬೆರಳಿಗೆ ತಿಳಿಯುವುದೇ ಇಲ್ಲ, ಜಾರಿಹೋಗುತ್ತದೆ.

ಇನ್ನು ಬಗೆಗಳು. ಗಾಜು ಮತ್ತು ಸ್ಫಟಿಕದ್ದು ನೋಡಲು ಸೊಗಸು, ಮೊದಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಪಡೆಯುವವರ ಉಡುಗೊರೆಗೆ ತಕ್ಕದ್ದು. ಆದರೆ ತೂಕ ಹೆಚ್ಚು, ಮುಟ್ಟಿದರೆ ತಣ್ಣಗೆ, ಮಂಚದ ಕಬ್ಬಿಣಕ್ಕೆ ತಗುಲಿದರೆ ಅಂಚು ಒಡೆದು ಚರ್ಮ ಗೀರುತ್ತದೆ. ಲೋಹದ ಕೊಂಡಿಯಲ್ಲಿ ಪೋಣಿಸಿದ ಯಾವ ಸರವಾದರೂ ಹರಿಯುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಕೊಂಡಿಯ ಬಾಯಿಯನ್ನು ಬೆಸೆದಿರುವುದಿಲ್ಲ, ಬರೀ ಬಗ್ಗಿಸಿ ಮುಚ್ಚಿರುತ್ತಾರೆ. ಹೊದಿಕೆಯ ನೂಲು ಸಿಕ್ಕಿ ಎಳೆದರೆ ಬಾಯಿ ತೆರೆದುಕೊಳ್ಳುತ್ತದೆ. ಹೆಚ್ಚಾಗಿ ಬಿಡುವುದು ಪದಕದ ಬಳಿ, ಮೂರು ಕಡೆಯ ಎಳೆತ ಅಲ್ಲೇ ಕೂಡುವುದರಿಂದ. ಕೊಳ್ಳುವಾಗ ಪ್ರತಿ ಕೊಂಡಿಯ ಬಾಯಿ ಕೂಡಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ತೆರೆದಿದ್ದರೆ ಚೂಪುಮೂತಿಯ ಇಕ್ಕಳದಿಂದ ಒತ್ತಿದರಾಯಿತು. ಕೊಂಡಿಯನ್ನು ಬಿಡಿಸಬೇಕಾದಾಗ ಅಗಲಕ್ಕೆ ಹಿಗ್ಗಿಸಬೇಡಿ, ಪಕ್ಕಕ್ಕೆ ತಿರುಚಿ. ಹಿಗ್ಗಿಸಿದ ಕೊಂಡಿ ಮತ್ತೆ ಗುಂಡಗಾಗುವುದಿಲ್ಲ.

ಮರದ ಮಣಿ ಹಗುರ, ಕೈಯ ಬಿಸಿಗೆ ಬೇಗ ಬೆಚ್ಚಗಾಗುತ್ತದೆ. ದೋಷವೆಂದರೆ ಬಣ್ಣ. ಆಸ್ಪತ್ರೆಯಲ್ಲಿ ಗಳಿಗೆಗೊಮ್ಮೆ ಸ್ಯಾನಿಟೈಸರ್ ಹಚ್ಚಿದ ಕೈ ತಾಗಿ ಅಗ್ಗದ ಬಣ್ಣ ಬಿಡುತ್ತದೆ, ಹಾಸಿಗೆಗೂ ಹತ್ತುತ್ತದೆ. ಬಣ್ಣ ಹಾಕದ ಮರ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಬಹುದು. ರೇಡಿಯಂ ಎಂದು ಕರೆಯುವ, ಕತ್ತಲಲ್ಲಿ ಹೊಳೆಯುವ ಪ್ಲಾಸ್ಟಿಕ್ ಸರವನ್ನು ಕೀಳಾಗಿ ನೋಡುವವರಿದ್ದಾರೆ, ಅದು ತಪ್ಪು. ಮಲಗುವ ಮುಂಚೆ ಕೆಲವು ನಿಮಿಷ ದೀಪದ ಕೆಳಗಿಟ್ಟರೆ ನಡುರಾತ್ರಿ ಎಚ್ಚರವಾದವರಿಗೆ ದಿಂಬಿನ ಪಕ್ಕದಲ್ಲೇ ಮಿನುಗುತ್ತದೆ. ಹೊಳಪು ಬೆಳಗಿನವರೆಗೆ ಉಳಿಯುವುದಿಲ್ಲ, ಅಷ್ಟೇ.

ಮಣಿಗಳ ಬದಲು ಹತ್ತು ಉಬ್ಬುಗಳಿರುವ ಜಪದ ಬೆರಳುಂಗುರ ಬಸ್ಸಿನಲ್ಲಿ, ಕ್ಯೂನಲ್ಲಿ ನಿಂತವರಿಗೆ ಅನುಕೂಲ. ಒಳರೋಗಿಗೆ ಬೇಡವೇ ಬೇಡ. ಕೈ ಊದಿಕೊಂಡರೆ ಉಂಗುರ ಕಚ್ಚಿಕೊಳ್ಳುತ್ತದೆ, ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ನಮ್ಮ ಮೊದಲ ಆಯ್ಕೆ ಮಣಿಯೇ ಇಲ್ಲದ, ನೈಲಾನ್ ದಾರದಲ್ಲಿ ಗಂಟು ಹಾಕಿ ಮಾಡಿದ ಜಪಸರ. ಲೋಹವಿಲ್ಲ, ಒಡೆಯುವುದಿಲ್ಲ, ಸದ್ದಿಲ್ಲ. ಪಕ್ಕದ ಮಂಚದವರ ನಿದ್ದೆ ಕೆಡುವುದಿಲ್ಲ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬಹುದು. ಎಂಆರ್‌ಐ ಕೋಣೆಗೆ ಲೋಹದ ಸರ ಒಯ್ಯುವಂತಿಲ್ಲ. ಇದರ ಶಿಲುಬೆಯೂ ದಾರದ್ದೇ ಆಗಿದ್ದರೆ ಸಿಬ್ಬಂದಿಯನ್ನು ಕೇಳಿ ನೋಡಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಹಿಡಿತ. ನಯವಾದ ಮಣಿ ಬೆವರಿದ ಕೈಯಿಂದ ಜಾರುತ್ತದೆ, ಒರಟು ಗಂಟು ಬೆರಳ ನಡುವೆ ಕಚ್ಚಿ ನಿಲ್ಲುತ್ತದೆ. ಹೇಳುತ್ತಲೇ ನಿದ್ದೆ ಹೋದರೂ ಎದ್ದಾಗ ಹೇಳುತ್ತಿದ್ದ ಗಂಟು ಅದೇ ಬೆರಳಲ್ಲಿ ಇರುತ್ತದೆ.

ಮನೆಯಲ್ಲೇ ಮಾಡಬಹುದು. ಸುಮಾರು 6 ಮೀಟರ್ ಗಟ್ಟಿ ನೈಲಾನ್ ದಾರ ಬೇಕು. ತೋರುಬೆರಳಿಗೆ ಮೂರು ಸುತ್ತು ಹಾಕಿ, ತುದಿಯನ್ನು ಸುತ್ತುಗಳ ಒಳಗಿನಿಂದ ತೂರಿಸಿ ಬಿಗಿದರೆ ನಮೋ ಮರಿಯದ ಗಂಟು. ದೊಡ್ಡ ಗಂಟಿಗೆ ಒಂದು ಸುತ್ತು ಹೆಚ್ಚು. ಹೊಸಬರು ತಪ್ಪುವುದು ಬಿಗಿಯುವಲ್ಲಿ. ಒಂದೇ ಎಳೆತಕ್ಕೆ ಎಳೆದರೆ ಸುತ್ತುಗಳು ಒಂದರ ಮೇಲೊಂದು ಹತ್ತಿ ಗಂಟು ಗೋಜಲಾಗುತ್ತದೆ. ಸುತ್ತುಗಳನ್ನು ಹೆಬ್ಬೆರಳಿನಿಂದ ಸಾಲಾಗಿ ಹಿಡಿದು ನಿಧಾನಕ್ಕೆ ಎಳೆಯಬೇಕು. ಹತ್ತಿ ದಾರ ಬೇಡ. ಕೊನೆಗೆ ತುದಿಗಳನ್ನು ಬೆಂಕಿಕಡ್ಡಿಯಿಂದ ತುಸು ಕರಗಿಸದಿದ್ದರೆ ನೈಲಾನ್ ಬಿಚ್ಚಿಕೊಳ್ಳುತ್ತದೆ. ಕರಗಿದ ಹನಿ ಬೆರಳಿಗೆ ಬೀಳದಂತೆ ನೋಡಿಕೊಳ್ಳಿ.

ಕೈಗೆ ಏನೂ ಸಿಗದ ಹೊತ್ತಿಗೆ ಎಣಿಸಲು ಹತ್ತು ಬೆರಳಿವೆ. ಏನೂ ಇಲ್ಲದೆಯೇ ಪ್ರಾರ್ಥಿಸಿದವರೂ ಇದ್ದಾರೆ. ವಿಯೆಟ್ನಾಮಿನ ಬಿಷಪ್ ಫ್ರಾನ್ಸಿಸ್ ಸೇವಿಯರ್ ನ್ಗುಯೆನ್ ವಾನ್ ಥುವಾನ್ 1975ರಿಂದ 1988ರವರೆಗೆ ಸೆರೆಯಲ್ಲಿದ್ದರು, ಅದರಲ್ಲಿ ಒಂಬತ್ತು ವರ್ಷ ಒಂಟಿ ಕೋಣೆಯಲ್ಲಿ. ಹೊಟ್ಟೆನೋವಿನ ಔಷಧಿ ಎಂಬ ಹೆಸರಿನಲ್ಲಿ ಬಂದ ದ್ರಾಕ್ಷಾರಸದ ಮೂರು ಹನಿಯನ್ನು ಅಂಗೈಯಲ್ಲಿಟ್ಟು, ಒಂದು ಹನಿ ನೀರು ಬೆರೆಸಿ, ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆ ಅರ್ಪಿಸುತ್ತಿದ್ದರು. ಮರದ ಚೂರಿನಲ್ಲಿ ಮಾಡಿಕೊಂಡ ಶಿಲುಬೆಯನ್ನು ಸೋಪಿನೊಳಗೆ ಹುದುಗಿಸಿಟ್ಟಿದ್ದರು, ಅದರ ಸರಪಳಿ ವಿದ್ಯುತ್ ತಂತಿಯದು. ಬಿಡುಗಡೆಯಾದ ಮೇಲೂ ಅದೇ ಅವರ ಎದೆಯ ಮೇಲಿತ್ತು. ಅಗ್ಗದ ಸರ ಕೊಟ್ಟರೆ ರೋಗಿ ಏನೆಂದುಕೊಂಡಾರೋ ಎಂದು ಹಿಂಜರಿಯುವವರು ಆ ತಂತಿಯನ್ನು ನೆನೆಯಲಿ.

ಆಶೀರ್ವಾದದ ವಿಷಯದಲ್ಲಿ ಮೋಸಹೋಗಬೇಡಿ. ಮಂತ್ರಿಸಿದ ಸರವೆಂದು ಹೆಚ್ಚು ಬೆಲೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಜಪಸರಕ್ಕೆ ಧರ್ಮಸಭೆ ನೀಡುವ ಪಾಪದಂಡ ವಿಮೋಚನೆಯ ವರ, ಅಂದರೆ ಕ್ಷಮೆ ಸಿಕ್ಕ ಪಾಪಕ್ಕೂ ಉಳಿದಿರುವ ಶಿಕ್ಷೆಯ ಮನ್ನಾ, ಅದನ್ನು ಮಾರಿದರೆ ನಿಂತುಹೋಗುತ್ತದೆ. ಮೊದಲು ಕೊಂಡು, ಆಮೇಲೆ ಚರ್ಚಿನ ಗುರುಗಳಿಂದಲೋ ಅವರಿಗಿಂತ ಕೆಳಗಿನ ದೀಕ್ಷೆಯ ಡೀಕನ್‌ರಿಂದಲೋ ಆಶೀರ್ವದಿಸಿಕೊಳ್ಳಿ. ಆಸ್ಪತ್ರೆಗೆ ಪರಮಪ್ರಸಾದ ತರುವ ಗುರುಗಳನ್ನು ಅಲ್ಲೇ ಕೇಳಬಹುದು. ರೋಗಿಗಳ ಅಭ್ಯಂಗಕ್ಕೂ, ಅಂದರೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೂ, ಆಗಲೇ ಕೇಳಿಕೊಳ್ಳಿ, ಕೊನೆಯ ಉಸಿರಿನವರೆಗೆ ಕಾಯಬೇಡಿ.

ಐದು ರಹಸ್ಯ, ಅಂದರೆ ಒಂದೊಂದು ಹತ್ತರಲ್ಲಿ ಧ್ಯಾನಿಸುವ ಯೇಸು-ಮರಿಯರ ಬಾಳಿನ ಐದು ಘಟನೆ, ಮುಗಿಯಲು ಹದಿನೈದಿಪ್ಪತ್ತು ನಿಮಿಷ ಬೇಕು. ಅಷ್ಟು ತ್ರಾಣ ಇಲ್ಲದವರು ಬೆಳಗ್ಗೆ ಒಂದು ಹತ್ತು, ಊಟದ ನಂತರ ಒಂದು ಹತ್ತು ಹೇಳಲಿ. ಯೇಸುವಿನ ಯಾತನೆಯನ್ನು ನೆನೆಯುವ ದುಃಖದ ರಹಸ್ಯ ಮಂಗಳವಾರ ಮತ್ತು ಶುಕ್ರವಾರದ್ದು. ಆದರೂ ಗೆತ್ಸೆಮನಿ ತೋಪಿನ ಒಂದೇ ರಹಸ್ಯದಲ್ಲಿ ವಾರವಿಡೀ ನಿಲ್ಲಬೇಕೆನಿಸಿದರೆ ನಿಲ್ಲಬಹುದು. ಈ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಎಂದು ಯೇಸುವೇ ಕೇಳಿಕೊಂಡ ಜಾಗ ಅದು.

ಮಾತು ನಿಂತವರ ಕೈಗೆ ಸರ ಕೊಡುವಾಗ ಸೂಜಿ ಚುಚ್ಚಿದ ಕೈ ಬಿಟ್ಟು ಇನ್ನೊಂದನ್ನು ಆರಿಸಿ. ಕುತ್ತಿಗೆಗೆ ಹಾಕಬೇಡಿ, ಆಮ್ಲಜನಕದ ಕೊಳವೆಗೆ ಸಿಕ್ಕಿಕೊಳ್ಳುತ್ತದೆ. ಸರವನ್ನು ಬೆರಳುಗಳ ಮೇಲೆ ಸಡಿಲವಾಗಿ ಒಂದು ಸುತ್ತು ತಂದು ಶಿಲುಬೆಯನ್ನು ಅಂಗೈಯೊಳಗಿಟ್ಟು ಬೆರಳು ಮಡಿಸಿ. ಪಕ್ಕದಲ್ಲಿ ಕೂತವರು ಕಿವಿಯ ಹತ್ತಿರ ಮೆಲ್ಲಗೆ, ಅವಸರ ಮಾಡದೆ ನಮೋ ಮರಿಯ ಹೇಳಲಿ. ತುಟಿ ಅಲುಗದಿದ್ದರೂ ಕೆಲವೊಮ್ಮೆ ಹೆಬ್ಬೆರಳು ಗಂಟಿನ ಮೇಲೆ ಸರಿಯುವುದು ಕಾಣುತ್ತದೆ.